ಗಿರ್ದಾವರ ನಮ್ಮ ಮನೆಯಲ್ಲಿ ಉಂಡ ದಿನ

ನನಗೆ ಕಾಲೇಜಿಗೆ ಹೋಗಬೇಕಾಗಿತ್ತು. ಹೋಗಲು ಹಣ ಬೇಕಾಗಿತ್ತು, ಹಣ ಸರಕಾರದ ಹತ್ತಿರ ಇತ್ತು, ಸರಕಾರವೆಂದರೆ ನಮ್ಮ ಮನೆಯ ಮೂವರಿಗೂ ಅಂಜಿಕೆ. ದೊಡ್ಡವರ ಮುಂದೆ ಆಗುವ ಸಣ್ಣ ಅಳುಕಲ್ಲ ಅದು. ಬಾಗಿಲ ಹೊರಗೆ ಬೂಟಿನ ಸಪ್ಪಳ ಕೇಳಿದರೆ ಅವ್ವನಿಗೆ ವಾಂತಿಯಾಗುತ್ತಿತ್ತು. ಇಂಥ ನಾವು ಸರಕಾರಕ್ಕೆ ಅರ್ಜಿ ಹಾಕಿ ಸಹಾಯ ಕೇಳಿದೆವು ಎಂಬುದು ಈಗ ನೆನೆದರೆ ನನಗೇ ಸೋಜಿಗ.

ನಿಜಾಮನ ಮೇಲೆ ಭಾರತದ ಸೇನೆ ಬಂದ ಪೊಲೀಸ್ ಆಕ್ಷನ್ ಆಗಿ ಎರಡನೆಯ ಬೇಸಿಗೆ. ಹೈದರಾಬಾದ್ ಸಂಸ್ಥಾನಕ್ಕೆ ಹೊಸ ಸರಕಾರ ಬಂದಿತ್ತು. ಕಚೇರಿಗಳು, ಕಾಗದಗಳು, ಕಚೇರಿಯ ಉರ್ದು ಎಲ್ಲ ಹಳೆಯವೇ. ನಾನು ಬೀದರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಮೆಟ್ರಿಕ್ ಬರೆದು ಮುಗಿಸಿದ್ದೆ. ಕುರಿ ಕಾಯುವವರ ಮನೆಯ, ತಂದೆಯಿಲ್ಲದ ಹುಡುಗಿ ಅಲ್ಲಿಯವರೆಗೆ ಬಂದದ್ದಕ್ಕೆ ಇಬ್ಬರು ಕಾರಣ. ಒಬ್ಬರು ಭಾಲ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ. ಅಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ ನನ್ನನ್ನು ಕರೆದೊಯ್ದು ಅಲ್ಲಿನ ಸಾಲೆಗೆ ಹಾಕಿದವರು ಅವರು. ಇನ್ನೊಬ್ಬರು ಬೀದರಿನ ಬಡೀ ಉಸ್ತಾನಿ, ಅಂದರೆ ನಮ್ಮ ಸಾಲೆಯ ಮುಖ್ಯೋಪಾಧ್ಯಾಯಿನಿ. ನನ್ನನ್ನು ಬೋರ್ಡಿಂಗಿನಲ್ಲಿ ಬಿಟ್ಟಿಯಾಗಿ ಇಟ್ಟುಕೊಂಡು ಮೂರು ವರ್ಷ ಬೈದು ಬೈದು ಓದಿಸಿದವರು.

ಬಡೀ ಉಸ್ತಾನಿ ಮೊದಲೆಲ್ಲ ಪರದೆ ಕಟ್ಟಿದ ಟಾಂಗಾದಲ್ಲಿ ಬರುತ್ತಿದ್ದರು. ಪೊಲೀಸ್ ಆಕ್ಷನ್ನಿನ ಗಲಾಟೆಯ ದಿನಗಳ ನಂತರ ಟಾಂಗಾ ನಿಂತಿತು. ಮುಂದೆ ಒಬ್ಬ ಮುದಿ ಆಳು, ಹಿಂದೆ ಅವರು, ಗೋಡೆಯ ಪಕ್ಕದಲ್ಲೇ ನಡೆದು ಬರುತ್ತಿದ್ದರು. ಅವರ ತವರಿನಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನಮಗಿರಲಿಲ್ಲ. ಆದರೆ ಬೈಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಪರೀಕ್ಷೆ ಮುಗಿದ ದಿನ ನನ್ನನ್ನು ಕರೆದು, ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿಗೆ ಹೋಗಲು ವಜೀಫಾ ಇದೆ ಎಂದರು. ವಜೀಫಾ ಎಂದರೆ ಬಡವರ ಮಕ್ಕಳ ಓದಿಗೆಂದು ಸರಕಾರ ತಿಂಗಳು ತಿಂಗಳು ಕೊಡುತ್ತಿದ್ದ ಹಣ.

"ಎರಡು ನೋಡ್ತಾರ," ಎಂದರು. "ಒಂದು ನಂಬರ್, ಒಂದು ಗರೀಬಿ. ನಂಬರಿನ ಚಿಂತಿ ನನಗಿಲ್ಲ. ಗರೀಬಿ ನೋಡ್ಲಾಕ ನಿಮ್ಮ ಮನಿಗಿ ಗಿರ್ದಾವರ ಬರ್ತಾನ. ಬಂದಾಗ ಮನಿ ಹ್ಯಾಂಗ ಅದ ಹಂಗ ತೋರಸ್ಬೇಕು. ತಿಳೀತು?"

ಗಿರ್ದಾವರನೆಂದರೆ ಹಳ್ಳಿಹಳ್ಳಿ ತಿರುಗಿ ಹೊಲ, ದನ, ಮನೆ ನೋಡಿ ಬರೆದುಕೊಳ್ಳುವ ಕಂದಾಯದ ಅಧಿಕಾರಿ. ನಾನು ತಲೆಯಾಡಿಸಿದೆ. ಗರೀಬಿ ತೋರಿಸುವುದು ಒಂದು ದೊಡ್ಡ ಕೆಲಸವೆಂದು ಆಗ ನನಗೆ ಅನ್ನಿಸಲೇ ಇಲ್ಲ, ನಮ್ಮ ಮನೆಯಲ್ಲಿ ಅದು ಧಾರಾಳವಾಗಿತ್ತು. ಉಸ್ತಾನಿಯೇ ಉರ್ದುವಿನಲ್ಲಿ ಅರ್ಜಿ ಬರೆದರು. ಪೋಷಕರ ಹೆಬ್ಬೆಟ್ಟು ಒತ್ತಿಸಿ ಔರಾದಿನ ಕಚೇರಿಗೆ ಕೊಡು, ವಜೀಫಾ ಬಂದರೆ ಹೈದರಾಬಾದಿಗೆ ನಾನೇ ಬಿಟ್ಟು ಬರುತ್ತೇನೆ ಎಂದರು. ಬರದಿದ್ದರೆ ಏನೆಂದು ಅವರು ಹೇಳಲಿಲ್ಲ. ಅದು ನನಗೆ ಗೊತ್ತಿತ್ತು. ನನ್ನ ಮುತ್ಯಾ ಆಗಲೇ ಒಂದು ವರ ನೋಡಿಟ್ಟಿದ್ದ. ಕಾಲೇಜಿಲ್ಲವಾದರೆ ಮಳೆಗಾಲ ಮುಗಿಯುತ್ತಲೇ ಮದುವೆ.

ಬೀದರಿನಿಂದ ರೈಲು ಹತ್ತಿ ಭಾಲ್ಕಿಗೆ ಬಂದೆ. ಮಾವ ಬಂಡಿ ಕಟ್ಟಿಸಿ ಊರಿಗೆ ಕಳಿಸಿದರು. ನಮ್ಮೂರು ಠಾಣಾ ಕುಶನೂರಿನ ಆಚೆ, ಔರಾದ್ ತಾಲೂಕಿನ ಒಂದು ಮೂಲೆ. ದಾರಿಯುದ್ದಕ್ಕೂ ಕೊಯ್ದು ಬಿಟ್ಟ ಜೋಳದ ಹೊಲ, ತೊಗರಿಕಟ್ಟಿಗೆ, ಕೆಂಪು ಧೂಳು. ಅರ್ಜಿಯನ್ನು ಲಂಗದ ಮಡಿಕೆಯಲ್ಲಿ ಇಟ್ಟುಕೊಂಡು ಅದು ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮನೆಯಲ್ಲಿ ಇದ್ದವರು ಮುತ್ಯಾ ಮತ್ತು ಅವ್ವ. ಮುತ್ಯಾ ಅಪ್ಪನ ತಂದೆ. ಅಪ್ಪ ಹೋದ ಮೇಲೆ ಮನೆಗೆ ಅವನೇ ಯಜಮಾನ. ಒಂದು ಕಾಲಕ್ಕೆ ಅವನ ಕುರಿಹಿಂಡು ಹಾದುಹೋಗುವವರೆಗೆ ಬಂಡಿಗಳು ದಾರಿಯಲ್ಲಿ ನಿಂತುಕೊಳ್ಳುತ್ತಿದ್ದವಂತೆ. ಆ ಹಿಂಡು ಹೋದದ್ದು ರೋಗ ಬಂದು ಅಲ್ಲ, ಮಾರಿಯೂ ಅಲ್ಲ. ಊಟ ಹಾಕಿ.

ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಿಜಾಮನ ಪರದ ರಜಾಕಾರರ ಹಾವಳಿಯ ವರ್ಷ ಬಂದೂಕು ಹಿಡಿದವರು ಊರಿಗೆ ಬಂದಾಗ ನಮ್ಮ ಓಣಿಯ ಒಬ್ಬರು ಬಾಗಿಲು ಹಾಕಿಕೊಂಡರು. ಮುತ್ಯಾ ಬಾಗಿಲು ತೆರೆದು, ಕೈಮುಗಿದು, ಎರಡು ಕುರಿ ಕೊಯ್ದು ಉಣಿಸಿದ. ಬಾಗಿಲು ಹಾಕಿದ ಮನೆ ಸುಟ್ಟಿತು, ನಮ್ಮದು ಉಳಿಯಿತು. ಅವರು ಮತ್ತೆ ಬಂದರು, ಮುತ್ಯಾ ಮತ್ತೆ ಉಣಿಸಿದ. ಪೊಲೀಸ್ ಆಕ್ಷನ್ ಆಯಿತು, ಅವರು ಓಡಿಹೋದರು, ಬೇರೆ ಜನ ಬಂದರು. ಕೈಯಲ್ಲಿ ಕೊಡಲಿ, ಬಡಿಗೆ. ಮಸೀದಿಯ ಓಣಿ ಯಾವ ಕಡೆ ಎಂದು ಕೇಳಿದರು. ಮುತ್ಯಾ ದಾರಿ ತೋರಿಸಲಿಲ್ಲ, ಆದರೆ ಅವರಿಗೂ ಉಣಿಸಿದ. ದಾರಿಯನ್ನು ಬೇರೆ ಯಾರೋ ತೋರಿಸಿದರು. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಓಣಿಯಿಂದ ಬಂದ ಕೂಗು ಕೇಳುತ್ತಲೇ ಬಡಿದಳು. ಮಸೀದಿಯ ಓಣಿ ಆಮೇಲೆ ಖಾಲಿಯಾಯಿತು. ನಾನು ಆಗ ಬೀದರಿನಲ್ಲಿದ್ದೆ, ಇದನ್ನೆಲ್ಲ ಅವ್ವ ಹೇಳಿದ್ದು. ಹೇಳುವಾಗ ಅವಳ ಕೈ ತಾನಾಗಿಯೇ ರೊಟ್ಟಿ ತಟ್ಟಿದ ಹಾಗೆ ಆಡುತ್ತಿತ್ತು.

ಹೀಗೆ ನಮ್ಮ ಮನೆಯಲ್ಲಿ ಒಂದು ಕಾನೂನು ಹುಟ್ಟಿಕೊಂಡಿತು. ಅಧಿಕಾರವಿದ್ದವನು ಬಾಗಿಲಿಗೆ ಬಂದರೆ, ಅವನು ಯಾರೇ ಆಗಲಿ, ಮೊದಲು ತಾಟು ಹಾಕಬೇಕು. ಮನೆಯಲ್ಲಿ ಏನೂ ಕೊರತೆಯಿಲ್ಲ ಎನ್ನಬೇಕು. ಕೊರತೆ ಇದೆಯೆಂದರೆ ತನ್ನನ್ನೇ ದೂರುತ್ತಿದ್ದಾರೆ ಎಂದುಕೊಂಡಾನು.

ಔರಾದಿನ ಕಚೇರಿಯಲ್ಲೇ ಈ ಕಾನೂನು ನನ್ನ ಕುತ್ತಿಗೆಗೆ ಬಂತು. ಮುತ್ಯಾ ನನ್ನೊಂದಿಗೆ ಬಂದಿದ್ದ. ಕಚೇರಿಯ ಮುಂದೆ ಬಂದೂಕು ಹಿಡಿದ ಸಿಪಾಯಿ ನಿಂತಿದ್ದ. ಮುತ್ಯಾ ದೂರದ ಬೇವಿನ ಗಿಡದ ಕೆಳಗೇ ಚಪ್ಪಲಿ ಬಿಟ್ಟ, ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆದ, ಮೆಟ್ಟಿಲ ಬಳಿ ನಿಂತುಬಿಟ್ಟ. ನಾನು ಕೈಹಿಡಿದು ಎಳೆದರೂ ಮೇಲೆ ಹತ್ತಲಿಲ್ಲ. ನನಗೂ ಕಾಲು ನಡುಗುತ್ತಿತ್ತು, ಆದರೆ ಇಬ್ಬರೂ ನಡುಗುತ್ತ ನಿಂತರೆ ಅರ್ಜಿಗೆ ಕಾಲು ಬರುವುದಿಲ್ಲವಲ್ಲ. ಒಬ್ಬಳೇ ಹತ್ತಿದೆ. ಗುಮಾಸ್ತ ಅರ್ಜಿ ಓದಿ, ಕಿಟಕಿಯಿಂದ ತಲೆ ಹೊರಹಾಕಿ ಮುತ್ಯಾನಿಗೆ ಕೂಗಿ ಕೇಳಿದ.

"ಏನಪಾ ಮುದುಕಾ, ಭಾಳ ಬಡತನ ಅದ ಏನು ಮನ್ಯಾಗ?"

ಮುತ್ಯಾ ಕೈಮುಗಿದು ಬಗ್ಗಿ, "ಇಲ್ಲರಿ ಸಾಹೇಬ್ರ. ನಿಮ್ಮ ದಯಾದಿಂದ ಏನೂ ಕಮ್ಮಿ ಇಲ್ರಿ," ಅಂದ.

ಗುಮಾಸ್ತ ನಕ್ಕು, ಅದನ್ನು ಗಿರ್ದಾವರ ಬಂದು ನೋಡಲಿ ಎಂದು ಅರ್ಜಿ ಒಳಗಿಟ್ಟುಕೊಂಡ. ದಾರಿಯಲ್ಲಿ ಮುತ್ಯಾನ ಮೇಲೆ ಹರಿಹಾಯ್ದೆ. ಅವನು, "ಸಿಪಾಯಿ ಮುಂದ ಮತ್ತೇನ ಅನ್ಬೇಕಿತ್ತವ್ವಾ," ಅಂದ. ಅವನ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. ಚಪ್ಪಲಿಯನ್ನು ಅಲ್ಲೇ ಮರೆತು ಬಂದಿದ್ದ.

ಗಿರ್ದಾವರ ಇಂಥ ದಿನ ಬರುತ್ತಾನೆಂದು ಊರಿನ ಲೆಕ್ಕ ಬರೆಯುವ ಪಟವಾರಿಯ ಮನೆಗೆ ಸುದ್ದಿ ಬಂತು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಮುತ್ಯಾನ ಮುಂದೆ ಕೂತು ಬಿಡಿಸಿ ಬಿಡಿಸಿ ಹೇಳಿದೆ. ಈ ಮನುಷ್ಯ ನಮ್ಮ ಬಡತನ ನೋಡಲು ಬರುತ್ತಾನೆ. ಖಾಲಿ ಕೊಟ್ಟಿಗೆ ತೋರಿಸಬೇಕು, ಖಾಲಿ ದೊಡ್ಡಿ ತೋರಿಸಬೇಕು. ಅವನು ನೀರು ಕುಡಿದು ಹೋದರೆ ಸಾಕು.

"ಮನಿಗಿ ಬಂದ ಸಾಹೇಬನಿಗಿ ಖಾಲಿ ನೀರು ಕುಡಿಸಿ ಕಳಸ್ಬೇಕ?" ಎಂದ ಮುತ್ಯಾ. "ನಾಳಿ ಅಂವ ಸಿಟ್ಟಿಗೆದ್ದರ? ಯಾರಿಗಿ ಏನು ಬರೀತಾನೋ! ಇಡೀ ಊರಿಗಿ ತ್ರಾಸು."

ಸಾಹೇಬ ಎಂಬ ಶಬ್ದ ಕೇಳಿದಾಗಿನಿಂದ ಅವ್ವ ಒಲೆಯ ಮುಂದೆಯೇ ಕೂತಿದ್ದಳು. ಅವಳು ಬಂದು ನನ್ನ ಪರ ಮಾತಾಡಲಿ ಎಂದು ನನಗೆ ಆಸೆ. ಅವಳ ಮುಖ ನೋಡಿದ ಮೇಲೆ ಕೇಳುವ ಮನಸ್ಸಾಗಲಿಲ್ಲ.

ಆ ದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಓಣಿಯ ಮುದುಕಿಯೊಬ್ಬಳು ಎರಡು ಹಿತ್ತಾಳೆಯ ತಾಟು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಹಿಂದೆಯೇ ಇನ್ನೊಬ್ಬಳು, ತಂಬಿಗೆ ತೆಗೆದುಕೊಂಡು. ಸಾಹೇಬ ಮುಸಲ್ಮಾನನಂತೆ, ಅವನು ಉಂಡ ತಾಟು ಮತ್ತೆ ಬಳಸಬಹುದೇ ಎಂದು ಅಂಗಳದಲ್ಲೇ ಚರ್ಚೆ ಎದ್ದಿತು. ಹುಣಸೆಹಣ್ಣು ಹಚ್ಚಿ ಬೆಂಕಿಗೆ ಹಿಡಿದರೆ ಎಲ್ಲ ಶುದ್ಧವೆಂದು ಮುದುಕಿಯರೇ ತೀರ್ಪು ಕೊಟ್ಟುಕೊಂಡರು. ಪಟವಾರಿಯ ಮನೆಯಿಂದ ಊರಿಗಿದ್ದ ಒಂದೇ ಕುರ್ಚಿ ಬಂತು. ತಾಮ್ರದ ಹಂಡೆ ಬಂತು. ಭಾಲ್ಕಿಯಿಂದ ಮಾವ ತುಪ್ಪ ಮತ್ತು ಒಂದು ಹೊಸ ಜಮಖಾನ ಕಳಿಸಿದ್ದರು. ಇಷ್ಟರಲ್ಲಿ ಮುಗಿಯಲಿಲ್ಲ. ಖಾಲಿ ಕೊಟ್ಟಿಗೆ ಅಪಶಕುನವೆಂದು ಎದುರು ಮನೆಯ ಗೌಡ ತನ್ನ ಜೋಡೆತ್ತು ತಂದು ಕಟ್ಟಿದ. ಎತ್ತು ಇದ್ದ ಮೇಲೆ ಎಮ್ಮೆ ಇರಬೇಡವೇ? ಅದೂ ಬಂತು, ಕರುವಿನ ಸಮೇತ. ಕಡೆಗೆ ನಮ್ಮ ದಾಯಾದಿ ಒಬ್ಬ ಇಪ್ಪತ್ತು ಕುರಿ ಹೊಡೆದುಕೊಂಡು ಬಂದು ನಮ್ಮ ದೊಡ್ಡಿಯೊಳಗೆ ಕೂಡಿದ.

ಯಾರೂ ನನ್ನ ಕೇಡು ಬಯಸಿ ಬಂದವರಲ್ಲ. ಎಲ್ಲರೂ ಅಂಜಿದ್ದರು, ಎಲ್ಲರೂ ತಮ್ಮಲ್ಲಿದ್ದ ಒಳ್ಳೆಯದನ್ನೇ ತಂದಿದ್ದರು. ನಾನು ಕಸಬರಿಗೆ ಹಿಡಿದುಕೊಂಡು ಅಂಗಳದ ನಡುವೆ ನಿಂತು, "ಒಯ್ರಿ, ಎಲ್ಲಾ ಹೊಳ್ಳಿ ಒಯ್ರಿ, ನಿಮ್ಮ ಕಾಲಿಗಿ ಬೀಳ್ತೇನಿ," ಎಂದು ಅತ್ತೆ. ಸಾಹೇಬ ಬರುತ್ತಾನೆಂದು ಹುಡುಗಿಗೆ ಅಂಜಿಕೆಯಾಗಿದೆ ಎಂದುಕೊಂಡು ಒಬ್ಬಳು ನನ್ನ ತಲೆ ಸವರಿದಳು, ಇನ್ನೊಬ್ಬಳು ಎಮ್ಮೆಗೆ ಹುಲ್ಲು ಹಾಕಿದಳು.

ಗಿರ್ದಾವರ ಸೈಕಲ್ ಮೇಲೆ ಒಬ್ಬನೇ ಬಂದ. ಸಂಗಡ ಚಪರಾಸಿ ಇರಲಿಲ್ಲ. ಹಳೆಯ ಶೇರ್ವಾನಿ, ತಲೆಗೆ ಹೊಸ ಬಿಳಿ ಗಾಂಧಿ ಟೋಪಿ. ಮೊದಲಾದರೆ ಆ ಜಾಗದಲ್ಲಿ ಕೆಂಪು ರೂಮಿ ಟೋಪಿ ಇರುತ್ತಿತ್ತು. ಈ ಹೊಸ ಟೋಪಿ ಅವನಿಗೆ ದೊಡ್ಡದಾಗಿ ಹಣೆಯ ಮೇಲೆ ಜಾರುತ್ತಿತ್ತು, ಅವನು ಅದನ್ನು ಮೇಲಕ್ಕೆ ಸರಿಸುತ್ತಲೇ ಇದ್ದ. ಮುತ್ಯಾ ಕುರ್ಚಿಯಲ್ಲಿ ಕೂರಿಸಿದ. ನಾನು ಮತ್ತು ಅವ್ವ ಒಳಗೆ ಬಾಗಿಲ ಸಂದಿಯಲ್ಲಿ ನಿಂತೆವು. ಅವ್ವ ನನ್ನ ತೋಳು ಹಿಡಿದಿದ್ದಳು, ಅವಳ ಉಗುರು ನನ್ನ ಚರ್ಮದೊಳಗೆ ಇಳಿಯುತ್ತಿತ್ತು.

ಅವನು ಕಾಗದ ತೊಡೆಯ ಮೇಲಿಟ್ಟು, ಕಂಡದ್ದನ್ನು ಬಾಯಲ್ಲಿ ಅನ್ನುತ್ತ ಬರೆಯತೊಡಗಿದ. ಬೈಲ್, ಒಂದು ಜೋಡಿ. ಭೈಂಸ್, ಒಂದು. ಭೇಡ್, ಇಪ್ಪತ್ತು. ಒಂದೊಂದಕ್ಕೂ ಮುತ್ಯಾ ಸಮಾಧಾನದಿಂದ ತಲೆಯಾಡಿಸಿದ. ಊಟ ಬಂತು. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಗಿರ್ದಾವರ ಬೇಡವೆಂದು ಕೈ ಎತ್ತಿದವನು, ಅಂಗಳದಲ್ಲಿ ನಿಂತಿದ್ದ ಜನರನ್ನೊಮ್ಮೆ ನೋಡಿ, ಕೈ ಇಳಿಸಿ ಉಣ್ಣಲು ಕೂತ. ಕೈ ತೊಳೆದುಕೊಂಡು ಮತ್ತೆ ಕಾಗದ ತೆಗೆದ. "ಹಾಲತ್," ಎಂದು ಮನೆಯ ಸ್ಥಿತಿ ಬರೆಯುವ ಸಾಲಿಗೆ ಬಂದು, "ಖುಷ್‌ಹಾಲ್," ಎಂದು ಬರೆದ.

ಆ ಶಬ್ದ ಮುತ್ಯಾನಿಗೆ ಅರ್ಧ ತಿಳಿಯಿತು, ನಕ್ಕ. ನನಗೆ ಪೂರ್ತಿ ತಿಳಿಯಿತು. ಗೋಡೆಗೆ ಒರಗಿದೆ.

"ಏನಾತು?" ಎಂದಳು ಅವ್ವ, ಉಸಿರಿನಲ್ಲೇ.

"ನಾವು ಉಂಡು ಉಟ್ಟು ಸುಖವಾಗಿದ್ದವ್ರು ಅಂತ ಬರದ ಅವ್ವಾ. ಹೋತು. ಎಲ್ಲಾ ಹೋತು."

ಅವ್ವ ನನ್ನ ತೋಳು ಬಿಟ್ಟು ಸಂದಿಗೆ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. ನಾನು ಅಳುತ್ತಿದ್ದೆ, ಅವಳು ನನ್ನನ್ನು ಸಂತೈಸಲಿಲ್ಲ. ಆಮೇಲೆ ನಿಧಾನವಾಗಿ, "ಅಂವ ಅಂಜ್ಯಾನ," ಅಂದಳು.

ನಾನೂ ನೋಡಿದೆ. ಅಂಗಳದಲ್ಲಿ ಯಾರಾದರೂ ಕೆಮ್ಮಿದರೆ ಅವನ ಹೆಗಲು ಮೇಲೇಳುತ್ತಿತ್ತು. ಹೋಳಿಗೆಯನ್ನು ಅರ್ಧ ಮುರಿದು ಹಾಗೇ ಬಿಟ್ಟಿದ್ದ. ಬೂಟನ್ನು ಬಾಗಿಲಲ್ಲಿ ಬಿಡದೆ ಕುರ್ಚಿಯ ಕೆಳಗೇ, ಹೊರಮುಖ ಮಾಡಿ ಇಟ್ಟುಕೊಂಡಿದ್ದ, ಎದ್ದರೆ ಕಾಲು ತೂರಿಸಿ ಓಡುವ ಹಾಗೆ. ನೀರಿನ ತಂಬಿಗೆ ಎತ್ತಿದಾಗ ನೀರು ಶೇರ್ವಾನಿಯ ಮೇಲೆ ಚೆಲ್ಲಿತು. ಕಾಗದ ಹಿಡಿದವನಿಗೂ ಅಂಜಿಕೆ ಇರಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವ್ವನಿಗೆ ಹೊಳೆದದ್ದು ಸಹಜ, ಹಾಗೆ ಕೂತು ಅವಳಿಗೆ ರೂಢಿಯಿತ್ತು.

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಹೋದಳು. ನಾನು ತಡೆಯಲೆಂದು ಕೈಚಾಚಿದೆ, ಸಿಗಲಿಲ್ಲ. ಗಂಡಸರು ಮಾತು ನಿಲ್ಲಿಸಿದರು. ಗಿರ್ದಾವರ ಅರ್ಧ ಎದ್ದುನಿಂತ.

"ಸಾಹೇಬ್ರ, ಅಂಜಬ್ಯಾಡ್ರಿ," ಎಂದಳು ಅವ್ವ. ಧ್ವನಿ ಎಲ್ಲರಿಗೂ ಕೇಳುವಷ್ಟು ಇತ್ತು. "ನಿಮಗ ಇಲ್ಲಿ ಯಾರೂ ಏನೂ ಮಾಡಂಗಿಲ್ಲ. ನಾವೂ ಅಂಜೇ ಇದೆಲ್ಲಾ ಮಾಡೀವಿ. ಈ ತಾಟ ನಮ್ದಲ್ಲರಿ. ಎತ್ತು ನಮ್ದಲ್ಲ, ಎಮ್ಮಿ ನಮ್ದಲ್ಲ. ನೀವು ಉಂಡ ತುಪ್ಪ ನಮ್ಮಣ್ಣ ಕಳಿಸಿದ್ದು. ನನ್ನ ಮಗಳು ಓದಬೇಕ್ರಿ."

ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮುತ್ಯಾನ ಮುಖ ಬೂದಿಯಾಯಿತು. "ಒಳಗ ನಡಿ," ಎಂದ ಸೊಸೆಗೆ. ಅವ್ವ ನಡೆಯಲಿಲ್ಲ.

ಗಿರ್ದಾವರ ಕಾಗದ ನೋಡಿದ, ಜನರನ್ನು ನೋಡಿದ. "ಅಮ್ಮಾ, ನಾನು ಬರದ್ಬಿಟ್ಟೀನಿ," ಎಂದ. "ಈಗ ಹೊಡದ್ಹಾಕಿದರ, ಉಂಡ ಮನಿಗಿ ಗರೀಬ ಅಂತ ಬರದಾನ, ಲಂಚ ತಿಂದಾನ ಅಂತ ಯಾರರೆ ಮ್ಯಾಲ ಹೇಳ್ತಾರ. ಮೊದಲೇ ನನ್ನಂಥವ್ರ ನೌಕರಿ ಈಗ ದಾರದ ಮ್ಯಾಲ ನಿಂತದ." ಟೋಪಿ ಸರಿಸಿಕೊಂಡ. "ಒಂದ ದಾರಿ ಅದ. ಪಂಚನಾಮಾ. ಯಾವ ಸಾಮಾನು ಯಾರದೋ ಅವ್ರೇ ಪಂಚರ ಮುಂದ ನಂದು ಅಂತ ಹೇಳಿ ಒಯ್ಯಬೇಕು. ಏನು ಉಳೀತದ ಅದನ್ನ ಬರೀತೀನಿ."

ಮುತ್ಯಾ ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ಅವನ ಮಾತು ಮೀರುತ್ತಿರಲಿಲ್ಲ. ನಾನು ಒಳಗಿನಿಂದ ಅವನ ಬೆನ್ನನ್ನೇ ನೋಡುತ್ತಿದ್ದೆ. ಆ ಬೆನ್ನು ಅಲುಗಲಿಲ್ಲ.

ಮೊದಲು ಯಾರೂ ಮುಂದೆ ಬರಲಿಲ್ಲ. ಅವ್ವನೇ ತಾಟು ತಂದ ಮುದುಕಿಯ ಕಡೆ ನೋಡಿದಳು. ಮುದುಕಿ ಬಂದು, "ಇದು ನಂದ್ರಿ," ಎಂದು, ತೊಳೆಯದ ತಾಟನ್ನೇ ಸೆರಗಿನಲ್ಲಿ ಮುಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಹೋದಳು. ತಂಬಿಗೆ ಹೋಯಿತು. ಹಂಡೆ ಹೋಯಿತು. ಗೌಡ ಎತ್ತಿನ ಹಗ್ಗ ಬಿಚ್ಚುವಾಗ, "ತಪ್ಪ ತಿಳೀಬ್ಯಾಡಣ್ಣ," ಎಂದು ಮುತ್ಯಾನಿಗೆ ಕೈಮುಗಿದ. ಎಮ್ಮೆ ಮಾತ್ರ ನಮ್ಮ ಹುಲ್ಲು ರುಚಿಯಾಗಿತ್ತೇನೋ, ಹೋಗಲೊಲ್ಲೆ ಎಂದು ಹಟ ಹಿಡಿಯಿತು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಕುರಿಗಳು ದೊಡ್ಡಿಯಿಂದ ಹೊರಟಾಗ ಮುತ್ಯಾ ಮೊದಲ ಬಾರಿಗೆ ತಲೆ ಎತ್ತಿ ನೋಡಿದ. ಕೊನೆಯ ಕುರಿ ಸಂದಿ ದಾಟುವವರೆಗೂ ನೋಡಿದ.

ಪಟವಾರಿಯ ಆಳು ಕುರ್ಚಿಯ ಹತ್ತಿರ ಬಂದು ಸಂಕೋಚದಿಂದ ನಿಂತ. ಗಿರ್ದಾವರ ತಾನೇ ಎದ್ದು ಕುರ್ಚಿ ಕೊಟ್ಟ. ಮಾವನ ಜಮಖಾನವನ್ನು ಅವ್ವ ಸುತ್ತಿ ಮೂಲೆಗಿಟ್ಟು, ಒಳಗಿನಿಂದ ನಮ್ಮ ತೇಪೆ ಹಾಕಿದ ಕಂಬಳಿ ತಂದು ಹಾಸಿದಳು. ಗಿರ್ದಾವರ ಅದರ ಮೇಲೆ ಮುತ್ಯಾನ ಪಕ್ಕದಲ್ಲಿ ಕೂತ. ಆಗ ನಮ್ಮ ಮನೆ ನಮ್ಮ ಮನೆಯ ಹಾಗೆ ಕಂಡಿತು. ನನಗೆ ನಾಚಿಕೆಯಾಯಿತೇ, ನಿರಾಳವಾಯಿತೇ ಎಂದರೆ, ಬರೀ ಅಂಜಿಕೆಯಾಯಿತು. ಊರೆಲ್ಲ ನೋಡುತ್ತಿರುವಾಗ ಅಷ್ಟು ಖಾಲಿಯಾದ ಮುದುಕ ಮುಂದೆ ಏನು ಮಾಡುತ್ತಾನೋ ಎಂಬ ಅಂಜಿಕೆ.

ಗಿರ್ದಾವರ ಮೊದಲಿನದನ್ನು ಹೊಡೆದುಹಾಕಿ, "ನಾದಾರ," ಎಂದು ಬರೆದ. ಏನೂ ಇಲ್ಲದವನು ಎಂದರ್ಥ. ಈ ಶಬ್ದ ಮುತ್ಯಾನಿಗೆ ಪೂರ್ತಿ ತಿಳಿಯಿತು. ನಮ್ಮ ಕಡೆ ಜಗಳದಲ್ಲಿ ಬೈಯಲು ಬಳಸುವ ಮಾತು ಅದು. ಅಂಗಳದಲ್ಲಿದ್ದ ಊರ ಹಿರಿಯರೇ ಪಂಚರಾಗಿ ಒಬ್ಬೊಬ್ಬರೇ ಸಹಿ, ಹೆಬ್ಬೆಟ್ಟು ಹಾಕಿದರು.

"ಇನ್ನೊಂದು ಅದ," ಎಂದ ಗಿರ್ದಾವರ. "ವಜೀಫಾ ಬಂದರ ಹುಡುಗಿನ್ನ ಹೈದರಾಬಾದಿಗಿ ಖರೇ ಕಳಸ್ತೀವಿ, ನಡುವ ಬಿಡಿಸಿ ಮದಿವಿ ಮಾಡಂಗಿಲ್ಲ ಅಂತ ನೀವು ಒಪ್ಪಿ ಹೆಬ್ಬೆಟ್ಟು ಒತ್ತಬೇಕು. ಭಾಳ ಮಂದಿ ರೊಕ್ಕ ತಗೊಂಡು ಕಳಸಂಗೇ ಇಲ್ಲ."

ಮುತ್ಯಾ ಕಾಗದ ನೋಡುತ್ತ ಕೂತ. ನನಗೆ ಗೊತ್ತಾಯಿತು, ಇವನು ಒತ್ತುವುದಿಲ್ಲ. ಯಾಕೆ ಒತ್ತಬೇಕು? ಸೊಸೆ ಊರ ಮುಂದೆ ಮಾತು ಮೀರಿದ್ದಳು, ಜೀವಮಾನವೆಲ್ಲ ಕಾಪಾಡಿಕೊಂಡ ಮರ್ಯಾದೆ ಅಂಗಳದಿಂದ ಒಂದೊಂದಾಗಿ ಹೊರಗೆ ಹೋಗಿತ್ತು. ಇನ್ನು ಮೊಮ್ಮಗಳನ್ನೂ ಗುರುತಿಲ್ಲದ ಊರಿಗೆ ಕಳಿಸಬೇಕೇ? ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಊರ ಮುಂದ ನಾದಾರ ಅನ್ನಿಸ್ಕೊಂಡೆ," ಎಂದ ಮುತ್ಯಾ ಕೊನೆಗೆ, ಯಾರಿಗೆಂದಲ್ಲದೆ. "ಇಷ್ಟಾದ ಮ್ಯಾಲ ಕೂಸಿನ್ನ ಕಳಸಲಿಲ್ಲಂದ್ರ ನಾದಾರನೂ ಹೌದು, ಹೇಡಿನೂ ಹೌದು. ತರ್ರಿ ಇಲ್ಲಿ."

ಹೆಬ್ಬೆಟ್ಟು ಒತ್ತಿದ. ಶಾಯಿಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡ. ಅವ್ವ ಅಂಗಳದ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡಳು.

ಗಿರ್ದಾವರ ಕಾಗದ ಮಡಚಿಟ್ಟುಕೊಂಡು, ಸೈಕಲ್ ಹಿಡಿದು, ಹೊರಡದೆ ನಿಂತ. ಹೊತ್ತು ಇಳಿಯುತ್ತಿತ್ತು. ಚಾವಡಿಯ ಕಟ್ಟೆಯ ಮೇಲೆ ಪಡ್ಡೆ ಹುಡುಗರು ಕೂತಿದ್ದರು. ಅವನು ಬರುವಾಗ ಅವರು ಏನೋ ಕೂಗಿದ್ದರಂತೆ. "ಕುಶನೂರಿಗಿ ಬ್ಯಾರೆ ದಾರಿ ಅದ ಏನು?" ಎಂದು ಕೇಳಿದ. ಇದ್ದ ಇನ್ನೊಂದು ದಾರಿ ಖಾಲಿಯಾದ ಮಸೀದಿ ಓಣಿಯಿಂದ ಹೋಗುತ್ತಿತ್ತು. ಅದನ್ನು ಹೇಳಲು ಯಾರಿಗೂ ನಾಲಿಗೆ ಏಳಲಿಲ್ಲ.

ಮುತ್ಯಾ ಬಡಿಗೆ ತೆಗೆದುಕೊಂಡು ಎದ್ದ. "ನಡೀರಿ ಸಾಹೇಬ್ರ. ನಾ ಬರ್ತೇನಿ."

ಚಾವಡಿಯ ಮುಂದೆಯೇ ಇಬ್ಬರೂ ನಡೆದು ಹೋದರು. ಮುತ್ಯಾ ಮುಂದೆ, ಅವನು ಸೈಕಲ್ ನೂಕುತ್ತ ಹಿಂದೆ. ಹುಡುಗರು ಕಟ್ಟೆಯಿಂದ ಕಾಲು ಇಳಿಸಿ ಸುಮ್ಮನೆ ಕೂತರು. ಮುತ್ಯಾ ಮರಳಿ ಬಂದಾಗ ಅವ್ವ ದೀಪ ಹಚ್ಚುತ್ತಿದ್ದಳು. ದಾರಿಯಲ್ಲಿ ಏನು ಮಾತಾಡಿದಿರಿ ಎಂದು ಕೇಳಿದೆ. ನನ್ನ ತಲೆಯಲ್ಲಿ ಇನ್ನೂ ವಜೀಫಾ ಒಂದೇ. ಕೊಡಿಸುತ್ತೇನೆ ಎಂದು ಆ ಮನುಷ್ಯ ಹೇಳಿರಬಹುದೆಂಬ ಆಸೆ.

ಮುತ್ಯಾ ಕಾಲು ತೊಳೆದುಕೊಂಡು ಕಂಬಳಿಯ ಮೇಲೆ ಕೂತ. "ಅಂವಗೂ ನಿನ್ನ ವಾರಿಗೆ ಮಗಳದಾಳಂತ," ಎಂದ. "ಬೀದರದಾಗ ನಿಮ್ಮದೇ ಸಾಲ್ಯಾಗ ಓದ್ತಿದ್ಳಂತ. ಗಲಾಟಿ ಆದಾಗಿಂದ ಅಂಜಿ ಬಿಡಿಸ್ಯಾನಂತ. ಭಾಳ ಶಾಣ್ಯಾಕಿ ಇದ್ದಳಂತ."

ಪೊಲೀಸ್ ಆಕ್ಷನ್ ಆದ ಆ ಸೆಪ್ಟೆಂಬರಿನ ನಂತರ ನಮ್ಮ ತರಗತಿಗೆ ಮರಳಿ ಬಾರದ ಹುಡುಗಿಯರು ಒಬ್ಬಿಬ್ಬರಲ್ಲ. ಅವರಲ್ಲಿ ಇವನ ಮಗಳು ಯಾರೆಂದು ಒಬ್ಬೊಬ್ಬಳ ಮುಖ ನೆನೆಯುತ್ತ ಕೂತೆ. ಅವರ ಬೆಂಚು ಖಾಲಿಯಾದ ಮೇಲೆ ನಾನು ಮುಂದಿನ ಸಾಲಿಗೆ ಸರಿದು ಕೂತಿದ್ದೆ, ಬೋರ್ಡು ಚೆನ್ನಾಗಿ ಕಾಣುತ್ತದೆಂದು.

ಮಳೆಗಾಲ ಹಿಡಿಯುವ ಮೊದಲು ವಜೀಫಾ ಬಂತು. ನಾನು ಹೈದರಾಬಾದಿಗೆ ಹೋದೆ, ಅಂಜುತ್ತಲೇ ಹೋದೆ. ಪ್ರತಿ ವರ್ಷ ಹಾಸ್ಟೆಲಿಗೆ ಹೊಸ ಹುಡುಗಿಯರು ಬಂದು ಟ್ರಂಕು ಇಳಿಸುವಾಗ ನಾನು ಕೆಳಗೆ ಬಂದು, ಬೀದರಿನವರು ಯಾರಾದರೂ ಇದ್ದೀರಾ ಎಂದು ಕೇಳುತ್ತಿದ್ದೆ. ಇರುತ್ತಿದ್ದರು. ನಿಮ್ಮ ತಂದೆ ಗಿರ್ದಾವರರೇ ಎಂದರೆ, ಯಾರೂ ಹೌದು ಎನ್ನಲಿಲ್ಲ.